ಕುದುರೆಗೆ ತಕ್ಕ ಜೀನು: ಎಲೆಕ್ಟ್ರಿಕ್ ಗಿಟಾರಿಗೆ ಸ್ಯಾಡಲ್ ಆರಿಸುವ ಬಗೆ

ಜೀನ್ಸ್ ಹೊಲಿಯುವ ಮಷೀನಿನಲ್ಲಿ ದಾರ ಪದೇ ಪದೇ ಕಡಿಯುತ್ತಿದ್ದರೆ ಟೈಲರ್‌ಗಳು ಮೊದಲು ದಾರಕ್ಕೆ ಬೈಯುತ್ತಾರೆ. ಆಮೇಲೆ ಸೂಜಿಗೆ. ಕೊನೆಗೆ ನನಗೆ ಫೋನು. ನಾನು ಹೋಗಿ ಸೂಜಿ ಇಳಿಯುವ ತಟ್ಟೆಯ ತೂತಿನ ಅಂಚಿಗೆ ಉಗುರು ತಾಗಿಸಿ ನೋಡುತ್ತೇನೆ. ಯಾವತ್ತೋ ಸೂಜಿ ಬಡಿದು ಎದ್ದ ಕೂದಲೆಳೆಯಷ್ಟು ಮುಳ್ಳು ಅಲ್ಲಿ ಕೂತಿರುತ್ತೆ. ದಾರದ್ದೇನೂ ತಪ್ಪಿರುವುದಿಲ್ಲ.

ಬಳ್ಳಾರಿ ಕೌಲ್ ಬಜಾರಿನ ಸುತ್ತಮುತ್ತ ಹೊಲಿಗೆ ಮಷೀನ್ ರಿಪೇರಿ ನನ್ನ ಹೊಟ್ಟೆಪಾಡು. ಗಣಪತಿ, ಮದುವೆ, ಜಾತ್ರೆ ಸೀಸನ್ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರು. ಈ ಎರಡೂ ಕಸುಬಿನ ಕಾಯಿಲೆ ಒಂದೇ ಅಂತ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಕುರುಗೋಡಿನಲ್ಲಿ ಒಂದು ಗಣಪತಿ ಪ್ರೋಗ್ರಾಂ. ಮೂರನೇ ಹಾಡಿಗೇ ಎಲ್ಲಕ್ಕಿಂತ ತೆಳುವಾದ ಸಣ್ಣ ಇ ತಂತಿ ಟಪ್. ಹೊಸದು ಹಾಕಿದೆ. ಏಳನೇ ಹಾಡಿಗೆ ಮತ್ತೆ ಟಪ್. ಜೇಬಿನಲ್ಲಿ ಇನ್ನೊಂದಿರಲಿಲ್ಲ. ಉಳಿದ ರಾತ್ರಿಯೆಲ್ಲ ನನ್ನ ಸೋಲೋಗಳನ್ನು ಕೀಬೋರ್ಡಿನವನು ನಗುನಗುತ್ತ ಬಾರಿಸಿದ. ಮಾರನೇ ದಿನ ತಂತಿ ಕಂಪನಿಗೆ ಬೈಯುತ್ತ ಕೂತವನಿಗೆ ಯಾಕೋ ತಟ್ಟೆಯ ನೆನಪಾಗಿ ಸ್ಯಾಡಲ್ ಮೇಲೆ ಉಗುರು ಎಳೆದೆ. ಅದೇ ಮುಳ್ಳು.

ತಂಬೂರಿ, ವೀಣೆಗಳಲ್ಲಿ ತಂತಿ ಕೂರುವ ಮಣೆಗೆ ನಮ್ಮವರು ಕುದುರೆ ಅನ್ನುತ್ತಾರೆ. ಗಿಟಾರಿನಲ್ಲಿ ಅದು ಬ್ರಿಡ್ಜ್. ಅದರ ಮೇಲೆ ಒಂದೊಂದು ತಂತಿಗೂ ಒಂದೊಂದು ಪುಟ್ಟ ಸ್ಯಾಡಲ್, ಅಂದರೆ ಜೀನು. ಕುದುರೆಯ ಮೇಲೆ ಜೀನು, ಲೆಕ್ಕ ಸರಿಯಾಗಿದೆ. ಜೀನ್ಸ್ ಊರಿನವನಿಗೆ ಈ ಹೆಸರು ಮರೆಯುವುದೂ ಇಲ್ಲ. ಆದರೆ ಕೆಲಸ ಮಾತ್ರ ಉಲ್ಟಾ. ತಂಬೂರಿಯ ಕುದುರೆ ಅಗಲವಾಗಿ, ನಯವಾಗಿ ಬಾಗಿರುತ್ತೆ, ಮೇಲೆ ಜೀವಾಳದ ನೂಲು ಬೇರೆ. ತಂತಿ ಅದರ ಮೈಗೆ ಸವರಿ ಝೇಂ ಅನ್ನಬೇಕು. ಗಿಟಾರಿನ ಸ್ಯಾಡಲ್‌ನಲ್ಲಿ ತಂತಿ ಒಂದೇ ಒಂದು ಚೂಪು ಜಾಗದಿಂದ ಹೊರಡಬೇಕು. ಗಾಡಿ, ಅಂದರೆ ತಂತಿ ಕೂರುವ ಸಣ್ಣ ತೋಡು, ಸವೆದು ಅಗಲವಾದರೆ ಗಿಟಾರು ಸಿತಾರಿನ ಹಾಗೆ ಝುಂಯ್ಗುಡುತ್ತೆ. ಅದನ್ನು ಕೇಳಿ ಫ್ರೆಟ್ (ಬೆರಳೊತ್ತುವ ಜಾಗದ ಲೋಹದ ಪಟ್ಟಿ) ಸವೆದಿದೆ ಅಂತ ಫ್ರೆಟ್ಟೇ ಬದಲಾಯಿಸಿಕೊಂಡವರನ್ನು ನೋಡಿದ್ದೇನೆ.

ಬದಲಾಯಿಸಲೇಬೇಕಾ?

ನನ್ನ ಹತ್ತಿರ ಬರುವ ಹುಡುಗರು ಮೊದಲು ಕೇಳುವುದು, "ಅಣ್ಣಾ, ಹಿತ್ತಾಳಿದು ಹಾಕಿದ್ರೆ ಟೋನ್ ಚಲೋ ಬರ್ತೈತಾ?" ನನ್ನ ಉತ್ತರ ಯಾವಾಗಲೂ ಒಂದೇ: ಟೋನ್ ಕೊನೆಗೆ ಮಾತಾಡೋಣ, ಕಡಿದ ತಂತಿ ತೋರಿಸು.

ಕಡಿದ ತಂತಿಯನ್ನು ಎಸೆಯಬೇಡಿ. ತುದಿಯ ಗುಂಡಿನಿಂದ ಕಡಿತದವರೆಗೆ ಎಷ್ಟು ಉದ್ದ ಉಳಿದಿದೆ ನೋಡಿ, ಆ ತುಂಡನ್ನೇ ಗಿಟಾರಿಗೆ ಹಿಡಿದು ಹೊಂದಿಸಿ. ತಂತಿ ಬಿಗಿಯುವ ತಿರುಪಿನ ಹತ್ತಿರ ಕಡಿದಿದ್ದರೆ ಸ್ಯಾಡಲ್ ನಿರಪರಾಧಿ. ಮೇಲಿನ ನಟ್‌ನಲ್ಲಿ, ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿಯಲ್ಲಿ, ಕಡಿದಿದ್ದರೂ ಅಷ್ಟೇ. ಸರಿಯಾಗಿ ಸ್ಯಾಡಲ್ ನೆತ್ತಿಯಲ್ಲಿ ಕಡಿದಿದ್ದರೆ ಅಲ್ಲಿ ಮುಳ್ಳೋ ತುಕ್ಕೋ ಇದೆ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರಿನಲ್ಲಿ ಇನ್ನೊಂದು ಜಾಗವನ್ನೂ ಮರೆಯಬಾರದು: ತಂತಿ ಕೆಳಗಿನಿಂದ ಬಂದು ಸ್ಯಾಡಲ್‌ನ ಉದ್ದ ಕಿಂಡಿಯೊಳಗೆ ನುಸುಳುತ್ತೆ, ಆ ಕಿಂಡಿಯ ಅಂಚೂ ಕಡಿಯುತ್ತೆ. ನೆತ್ತಿಯನ್ನು ಕನ್ನಡಿ ಹಾಗೆ ಉಜ್ಜಿಟ್ಟು, ಕಿಂಡಿ ಮರೆತು, ಮತ್ತೆ ತಂತಿ ಕಡಿಸಿಕೊಂಡವನು ನಾನೇ.

ಮುಳ್ಳಿಗೆ ಮದ್ದು ಅಗ್ಗ. 600 ನಂಬರಿನ ಪಾಲಿಷ್ ಪೇಪರನ್ನು ಸಣ್ಣಗೆ ಕತ್ತರಿಸಿ, ತಂತಿ ಹೋಗುವ ದಿಕ್ಕಿನಲ್ಲೇ ನಾಲ್ಕೈದು ಬಾರಿ ಎಳೆಯಿರಿ, ಆಮೇಲೆ 1000 ಅಥವಾ 1200ರಲ್ಲಿ. ಅಡ್ಡ ಉಜ್ಜಿದರೆ ಹೊಸ ಮುಳ್ಳು ಹುಟ್ಟುತ್ತೆ. ಕಿಂಡಿಯೊಳಗೆ ಪೇಪರ್ ಹೋಗದಿದ್ದರೆ ಮಷೀನ್ ತಟ್ಟೆಗೆ ನಾವು ಮಾಡುವ ಉಪಾಯ: ಜೀನ್ಸಿನ ದಪ್ಪ ದಾರಕ್ಕೆ ಲೋಹದ ಪಾಲಿಷ್ ಹಚ್ಚಿ, ತೂತಿನೊಳಗೆ ಪೋಣಿಸಿ, ಶೂಗೆ ಪಾಲಿಷ್ ಹಾಕುವ ಹಾಗೆ ಎಳೆದಾಡುವುದು. ಹತ್ತರಲ್ಲಿ ಏಳು ಗಿಟಾರು ಇಷ್ಟಕ್ಕೇ ಮನೆಗೆ ಹೋಗುತ್ತವೆ. ನನಗೆ ಚಹಾದ ದುಡ್ಡು, ಅವರಿಗೆ ಸ್ಯಾಡಲ್ ದುಡ್ಡು ಉಳಿತಾಯ.

ಬದಲಿಸಬೇಕಾದವು ಯಾವುವು ಅಂದರೆ: ಗಾಡಿ ಆಳವಾಗಿ ಸವೆದು ತಂತಿ ಮುಳುಗಿ ಕೂತವು; ಎತ್ತರದ ಸ್ಕ್ರೂ ತಿರುಗಿದರೂ ಸ್ಯಾಡಲ್ ಏರದೆ ಥ್ರೆಡ್ ಸತ್ತವು; ಆರು ಮೂಲೆಯ ಅಲೆನ್ ಕೀ ಕೂರುವ ತೂತು ದುಂಡಗಾದವು; ಮೇಲಿನ ಪಾಲಿಷ್ ಹಪ್ಪಳದ ಹಾಗೆ ಏಳುತ್ತಿರುವ ಜಿಂಕ್ ಎರಕದವು. ಅಗ್ಗದ ಗಿಟಾರುಗಳಲ್ಲಿ ಈ ಕೊನೆಯವೇ ಹೆಚ್ಚು.

ಮೊದಲು ಕುದುರೆಯ ಜಾತಿ

ಬ್ರಿಡ್ಜ್ ಯಾವುದು ಅಂತ ತಿಳಿಯದೆ ಸ್ಯಾಡಲ್ ಕೊಳ್ಳುವುದು, ಮಷೀನ್ ಮಾಡೆಲ್ ಹೇಳದೆ ಬಾಬಿನ್ ಕೇಳಿದ ಹಾಗೆ.

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನಲ್ಲಿ ಆರು ತಂತಿಗೆ ಆರು ಸ್ಯಾಡಲ್, ಉಕ್ಕಿನ ತಗಡು ಬಾಗಿಸಿದ್ದು. ಪ್ರತಿಯೊಂದಕ್ಕೂ ಎತ್ತರಕ್ಕೆ ಎರಡು ಸಣ್ಣ ಗ್ರಬ್ ಸ್ಕ್ರೂ, ಹಿಂದಕ್ಕೆ ಮುಂದಕ್ಕೆ ಸರಿಸಲು ಸ್ಪ್ರಿಂಗ್ ಸಮೇತ ಒಂದು ಉದ್ದ ಸ್ಕ್ರೂ. ನಮ್ಮ ಕಡೆ ಆರ್ಕೆಸ್ಟ್ರಾದಲ್ಲಿ, ಚರ್ಚಿನಲ್ಲಿ ಕಾಣುವ ಬಹುಪಾಲು ಗಿಟಾರು ಇದರ ನಕಲಿನ ನಕಲು. ಅದಕ್ಕೇ ನನ್ನ ಮಾತೂ ಹೆಚ್ಚಾಗಿ ಇದರ ಬಗ್ಗೆಯೇ.

ಅದಕ್ಕಿಂತ ಹಿರಿಯ ಟೆಲಿಕಾಸ್ಟರ್ ಮಾದರಿಯಲ್ಲಿ ಮೂರೇ ಸ್ಯಾಡಲ್, ಒಂದೊಂದರ ಮೇಲೆ ಎರಡೆರಡು ತಂತಿ. 1950ರ ದಶಕದ ಆರಂಭದಲ್ಲಿ ಅವು ಹಿತ್ತಾಳೆಯ ದುಂಡು ತುಂಡುಗಳು, ಆಮೇಲೆ ಉಕ್ಕಿನವು ಬಂದವು. ಒಂದೇ ಜೀನಿನಲ್ಲಿ ಇಬ್ಬರು ಕೂತರೆ ಇಬ್ಬರಿಗೂ ನೆಟ್ಟಗೆ ಕೂರಲು ಆಗುವುದಿಲ್ಲ. ತಂತಿಗಳ ಹೆಸರು ಸಣ್ಣದರಿಂದ ದಪ್ಪಕ್ಕೆ ಇ, ಬಿ, ಜಿ, ಡಿ, ಎ, ಇ. ಸಣ್ಣ ಇಗಿಂತ ಬಿ ಸ್ವಲ್ಪ ಹಿಂದೆ ಬೇಕು, ಡಿಗಿಂತ ಮೈಮೇಲೆ ತಂತಿ ಸುತ್ತಿಲ್ಲದ ಜಿ ಹಿಂದೆ, ಎಗಿಂತ ದಪ್ಪ ಇ ಹಿಂದೆ. ಇದಕ್ಕೇ ಸ್ಕ್ರೂ ತೂತು ಓರೆಯಾಗಿ ಕೊರೆದ, ಅಥವಾ ಮೈಯನ್ನೇ ಮೆಟ್ಟಿಲಾಗಿ ಕಡಿದ ‘ಕಾಂಪೆನ್ಸೇಟೆಡ್’ ಸೆಟ್ಟುಗಳು ಸಿಗುತ್ತವೆ. ಟೆಲಿ ಇದ್ದವರು ಕಣ್ಣು ಮುಚ್ಚಿ ಅವನ್ನೇ ತೆಗೆದುಕೊಳ್ಳಿ. ಹಳೆಯ ಮೂಲ ರೂಪವೇ ಬೇಕು ಅನ್ನುವ ಹಟದವರಿಗೆ ನಾನು ಎದುರು ಹೇಳುವುದಿಲ್ಲ. ನನ್ನ ಗೆಳೆಯನ ಟೆಲಿಗೆ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಸರಳಿನಿಂದ ಮೂರು ತುಂಡು ಕಡಿಸಿ, ಓರೆ ತೂತು ಹಾಕಿಸಿದ್ದೆ. ಮೊದಲ ಸಲ ಓರೆ ಉಲ್ಟಾ ಆಯಿತು. ಲೇತಿನವನು ನಕ್ಕು, "ಇಷ್ಟು ಸಣ್ಣದಕ್ಕ ಯಾರಾದ್ರೂ ಡ್ರಾಯಿಂಗ್ ತರ್ತಾರೇನ್ರೀ?" ಅಂದ. ತರಬೇಕಿತ್ತು.

ಇನ್ನೊಂದು ಕಂಪನಿ ಗಿಬ್ಸನ್ ವಂಶದ ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜಿನಲ್ಲಿ ಸ್ಯಾಡಲ್ ಎತ್ತರ ಒಂದೊಂದಾಗಿ ಏರಿಸಲು ಬರುವುದಿಲ್ಲ, ಇಡೀ ಬ್ರಿಡ್ಜೇ ಎರಡು ಕಂಬದ ಮೇಲೆ ಏರುತ್ತೆ. ಹಳೆಯ ಎಬಿಆರ್-1ರ ಸ್ಯಾಡಲ್‌ಗೂ ಆಮೇಲಿನ ನ್ಯಾಶ್‌ವಿಲ್‌ನ ಸ್ಯಾಡಲ್‌ಗೂ ಅಳತೆ ಬೇರೆ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಹೊಸದು ಎಷ್ಟೋ ಸಲ ಗಾಡಿ ಇಲ್ಲದೆ ಬರುತ್ತೆ, ನೀವೇ ಫೈಲಿನಿಂದ ಕಡಿಯಬೇಕು. ತಂತಿಯ ಅರ್ಧ ದಪ್ಪಕ್ಕಿಂತ ಆಳ ಬೇಡ. ತಂತಿಗೆ ಬೀಗ ಹಾಕಿ ಹಿಡಿಯುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಇದ್ದರೆ ಆ ಬ್ರಿಡ್ಜಿನದೇ ಬಿಡಿಭಾಗ ತರಿಸಿ, ಬೇರೆ ಪ್ರಯೋಗ ಬೇಡ.

ಐದರಿಂದ ಭಾಗಿಸಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ. ಸ್ಟ್ರಾಟ್ ಮಾದರಿಯ ಬ್ರಿಡ್ಜಿನಲ್ಲಿ, ಸ್ಯಾಡಲ್‌ಗಳ ಮೇಲೆ, ಸಣ್ಣ ಇ ತಂತಿಯ ನಟ್ಟನಡುವಿನಿಂದ ದಪ್ಪ ಇ ತಂತಿಯ ನಟ್ಟನಡುವಿಗೆ ಅಳೆಯಿರಿ. ಐದರಿಂದ ಭಾಗಿಸಿ. ತಂತಿ ಆರು, ಆದರೆ ನಡುವಿನ ಸಂದು ಐದು. ಬಂದ ಉತ್ತರವೇ ನಿಮ್ಮ ಸ್ಯಾಡಲ್‌ನ ಅಗಲ.

ಹಳೆಯ ಮಾದರಿಯ ಆರು ಸ್ಕ್ರೂ ಬ್ರಿಡ್ಜಿನಲ್ಲಿ ಈ ಅಳತೆ ಸುಮಾರು 56.4 ಮಿ.ಮೀ., ಅಂದರೆ 2 7/32 ಇಂಚು, ಸ್ಯಾಡಲ್ 11.3. ಹೊಸ ಕಾಲದ ಎರಡು ಕಂಬದ ಬ್ರಿಡ್ಜಿನಲ್ಲಿ 52.4, ಅಂದರೆ 2 1/16 ಇಂಚು, ಸ್ಯಾಡಲ್ 10.5. ನಡುವೆ 54 ಬರುವವೂ ಇವೆ, ಅವಕ್ಕೆ 10.8. ವರ್ನಿಯರ್ ಇಲ್ಲದಿದ್ದರೆ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. 52ಕ್ಕೂ 56ಕ್ಕೂ ಇರುವ ಅಂತರ ಬರಿಗಣ್ಣಿಗೇ ಕಾಣುತ್ತೆ. ಅನುಮಾನ ಬಂದರೆ ಒಂದು ಸ್ಯಾಡಲ್ ಬಿಚ್ಚಿ ಅದನ್ನೇ ಅಳೆಯಿರಿ.

ನಾನು ಅಳೆಯಲಿಲ್ಲ. ಆನ್‌ಲೈನಿನಲ್ಲಿ ಫೋಟೋ ನೋಡಿ, ಹೊಳಪಿಗೆ ಮರುಳಾಗಿ, ನನ್ನ 10.5ರ ಬ್ರಿಡ್ಜಿಗೆ 11.3ರ ಹಿತ್ತಾಳೆ ಸೆಟ್ ತರಿಸಿದೆ. ಒಂದರಲ್ಲಿ 0.8 ಹೆಚ್ಚು, ಏನು ಮಹಾ ಅನ್ನಿಸುತ್ತೆ. ಆರು ಸೇರಿದರೆ 4.8 ಮಿ.ಮೀ. ನಾಲ್ಕು ಕೂತವು, ಐದನೆಯದು ಮೊಣಕೈ ಹಾಕಿತು, ಆರನೆಯದಕ್ಕೆ ಜಾಗವೇ ಇಲ್ಲ. ಕುಷ್ಟಗಿ ಬಸ್ಸಿನ ಹಿಂದಿನ ಸೀಟು. ಪಕ್ಕ ಉಜ್ಜಿ ಕೂರಿಸೋಣ ಅಂತ ಫೈಲ್ ಹಿಡಿದೆ. ನಿಕಲ್ ಹೋಗಿ ಹಿತ್ತಾಳೆ ಹಳದಿ ಹಲ್ಲು ಕಿರಿಯಿತು. ಆ ಸೆಟ್ ಇವತ್ತಿಗೂ ನನ್ನ ಟೇಬಲ್ ಮೇಲೆ ಪೇಪರ್ ಹಾರದಂತೆ ತೂಕವಾಗಿ ಕೂತಿದೆ. ಉಲ್ಟಾ ತಪ್ಪು, ಅಂದರೆ ಅಗಲ ಬ್ರಿಡ್ಜಿಗೆ ಸಣ್ಣ ಸ್ಯಾಡಲ್, ಮೊದಲಿಗೆ ಸರಿಯೆನಿಸುತ್ತೆ. ತಂತಿ ಬೆಂಡ್ ಮಾಡಿದಾಗ ಸ್ಯಾಡಲ್ ಪಕ್ಕಕ್ಕೆ ವಾಲಾಡುತ್ತೆ.

ಅಗಲದ ನಂತರ ಥ್ರೆಡ್. ಹೊಲಿಗೆ ಮಷೀನಿನವರಿಗೆ ಈ ಕಷ್ಟ ಗೊತ್ತು: ಮಷೀನಿನ ಸ್ಕ್ರೂಗಳಲ್ಲಿ 9/64 ಇಂಚಿನ 40 ಎಳೆಯಂಥ ವಿಚಿತ್ರ ಅಳತೆಗಳಿವೆ, ಮಾಮೂಲಿ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಕೂರುವುದಿಲ್ಲ. ಗಿಟಾರೂ ಹಾಗೇ. ಅಮೆರಿಕದ ಇಂಚು ಲೆಕ್ಕದ ಎತ್ತರದ ಸ್ಕ್ರೂ 4-40, ದಪ್ಪ ಸುಮಾರು 2.84 ಮಿ.ಮೀ.; ಏಷ್ಯಾದಲ್ಲಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ ಎಂ3, ಅಂದರೆ 3 ಮಿ.ಮೀ. ಕಣ್ಣಿಗೆ ಒಂದೇ. ಎರಡು ಸುತ್ತು ಒಳಗೂ ಹೋಗುತ್ತೆ. ಮೂರನೇ ಸುತ್ತಿಗೆ ಬಿಗಿಯಾಯಿತೆಂದು ಬಲ ಹಾಕಿದಿರೋ, ಸ್ಯಾಡಲ್‌ನ ಥ್ರೆಡ್ ಮುಗಿಯಿತು. ಆದ್ದರಿಂದ ಹಳೆಯ ಸ್ಕ್ರೂ ಹೊಸ ಸ್ಯಾಡಲ್‌ಗೆ ಹಾಕುವ ಜಿಪುಣತನ ಬೇಡ. ಎತ್ತರದ ಸ್ಕ್ರೂ, ಉದ್ದ ಸ್ಕ್ರೂ, ಸ್ಪ್ರಿಂಗ್ ಎಲ್ಲ ಸೇರಿಯೇ ಬರುವ ಸೆಟ್ ಕೊಳ್ಳಿ. ಕೀ ವಿಷಯವೂ ಇದೇ: ಅಮೆರಿಕದ ಫೆಂಡರಿನವಕ್ಕೆ 0.050 ಇಂಚಿನ ಕೀ, ಅಂದರೆ 1.27 ಮಿ.ಮೀ.; ಏಷ್ಯಾದವಕ್ಕೆ ಹೆಚ್ಚಾಗಿ 1.5. ದೊಡ್ಡ ತೂತಿಗೆ ಸಣ್ಣ ಕೀ ಹಾಕಿ ತಿರುಗಿಸಿದರೆ ಮೂಲೆಗಳು ದುಂಡಗಾಗಿ ಸ್ಕ್ರೂ ಅಲ್ಲೇ ಸಮಾಧಿ.

ಗ್ರಬ್ ಸ್ಕ್ರೂ ಉದ್ದವನ್ನೂ ನೋಡಿ. ಫ್ರೆಟ್‌ಬೋರ್ಡ್ ಬಾಗಿರುವುದರಿಂದ ನಡುವಿನ ಸ್ಯಾಡಲ್‌ಗಳು ಎತ್ತರ, ಅಂಚಿನವು ತಗ್ಗು. ಎಲ್ಲಕ್ಕೂ ಉದ್ದ ಸ್ಕ್ರೂ ಹಾಕಿದರೆ ಅಂಚಿನವುಗಳ ತಲೆ ಮೇಲೆದ್ದು, ಅಂಗೈಯಿಂದ ತಂತಿ ಅದುಮಿ ಬಾರಿಸುವಾಗ ಚರ್ಮ ಕಿತ್ತು ಬರುತ್ತೆ. ಒಳ್ಳೆಯ ಸೆಟ್ಟುಗಳಲ್ಲಿ ಎರಡು ಉದ್ದ ಇರುತ್ತವೆ.

ಈಗ ಟೋನ್ ಮಾತು

ಲೋಹದಿಂದ ಧ್ವನಿ ಬದಲಾಗುತ್ತಾ? ಆಗುತ್ತೆ, ಸ್ವಲ್ಪ. ಆ ಸ್ವಲ್ಪವನ್ನು ಮೋತಿ ಸರ್ಕಲ್ಲಿನ ಹಾರ್ನುಗಳ ನಡುವೆ, ಪೆಂಡಾಲಿನ ಸ್ಪೀಕರಿನಲ್ಲಿ ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ. ಮನೆಯಲ್ಲಿ, ಫ್ಯಾನ್ ಆರಿಸಿ, ಒಂದೇ ಆಂಪ್ಲಿಫೈಯರಿನಲ್ಲಿ ಕೇಳಿದಾಗ ನನ್ನ ಕಿವಿಗೆ ಹಿತ್ತಾಳೆಯದು ತುಸು ದುಂಡಗೆ, ಬಾಗಿಸಿದ ಉಕ್ಕಿನದು ತುಸು ಚುರುಕು. ನಿಮ್ಮ ಕಿವಿ ಬೇರೆ ಹೇಳಬಹುದು. ನಾನು ಲೋಹ ಆರಿಸುವುದು ಬೆವರು ನೋಡಿ.

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಮೇ ತಿಂಗಳ ಮದುವೆಯಲ್ಲಿ, ಸೀರಿಯಲ್ ಸೆಟ್ಟಿನ ಕೆಳಗೆ ನಿಂತು ನಾಲ್ಕು ಗಂಟೆ ಬಾರಿಸಿದರೆ ಅಂಗೈಯ ಉಪ್ಪುನೀರು ನೇರ ಸ್ಯಾಡಲ್‌ಗೇ ಇಳಿಯುತ್ತೆ. ಸಂಡೂರು ಕಡೆ ಹೋದರೆ ಕೆಂಪು ಧೂಳು ಬೇರೆ. ಬೆವರಿಗೆ ಕಲಸಿಕೊಂಡು ಥ್ರೆಡ್ಡಿನೊಳಗೆ ಗಾರೆಯಾಗಿ ಕೂರುತ್ತೆ. ನಿಕಲ್ ಪಾಲಿಷಿನ ಸಾದಾ ಉಕ್ಕು ಪಾಲಿಷ್ ಇರುವ ತನಕ ಚೆನ್ನ, ಹೋದ ಮೇಲೆ ತುಕ್ಕು, ತುಕ್ಕಿನಿಂದ ಮತ್ತೆ ಮುಳ್ಳು. ಬೆವರು ಜಾಸ್ತಿ ಇರುವವರಿಗೆ ನನ್ನ ಮೊದಲ ಆಯ್ಕೆ ಸ್ಟೇನ್‌ಲೆಸ್. ಗ್ರಬ್ ಸ್ಕ್ರೂಗಳೂ ಸ್ಟೇನ್‌ಲೆಸ್ ಇರಬೇಕು, ತುಕ್ಕು ಮೊದಲು ಹಿಡಿಯುವುದು ಅವಕ್ಕೇ. ಹಿತ್ತಾಳೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಕಪ್ಪಾಗುತ್ತೆ, ಕೆಲವೊಮ್ಮೆ ಹಸಿರು ಕಿಲುಬು. ಮೆತ್ತಗಿರುವುದರಿಂದ ತಂತಿ ಬೇಗ ಗಾಡಿ ಕೊರೆಯುತ್ತೆ.

ತಂತಿ ಕಡಿಯುವುದೇ ನಿಮ್ಮ ಜನ್ಮಶತ್ರುವಾಗಿದ್ದರೆ ಕೆನಡಾದ ಗ್ರಾಫ್ ಟೆಕ್ ಕಂಪನಿಯ ಸ್ಟ್ರಿಂಗ್ ಸೇವರ್ ಎಂಬ ಕಪ್ಪು ಸ್ಯಾಡಲ್ ಇದೆ. ಅದರಲ್ಲಿ ಪಿಟಿಎಫ್‌ಇ, ಅಂದರೆ ಅಂಟದ ತವೆಗೆ ಬಳಿಯುವ ಪದಾರ್ಥವೇ, ಬೆರೆತಿರುತ್ತೆ. ತಂತಿ ಜಾರುತ್ತೆ, ತುಕ್ಕಿನ ಮಾತಿಲ್ಲ. ಟ್ರೆಮೊಲೊ ತೋಳು (ಬ್ರಿಡ್ಜ್ ಅಲುಗಿಸಿ ಸ್ವರ ಕುಣಿಸುವ ಹಿಡಿ) ಎಳೆದಾಡುವವರಿಗೆ ಶ್ರುತಿ ವಾಪಸು ಬರಲೂ ಅನುಕೂಲ. ಹೊಳಪು ಬೇಕು ಅನ್ನುವವರಿಗೆ ಹಿಡಿಸುವುದಿಲ್ಲ. ಬೆಲೆಯೂ ಜಾಸ್ತಿ. ಟೈಟಾನಿಯಂ ಕೂಡ ಸಿಗುತ್ತೆ. ಆ ದುಡ್ಡಿಗೆ ನಾನಾದರೆ ಒಳ್ಳೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಹಾಕಿಸುತ್ತೇನೆ.

ಫೋಟೋದಲ್ಲಿ ಉಕ್ಕು ಅಂತ ಬರೆದು ಜಿಂಕ್ ಕಳಿಸುವವರಿದ್ದಾರೆ. ನೆಲಕ್ಕೆ ಬಿದ್ದ ಸೂಜಿ ಹೆಕ್ಕಲು ನಾವು ಇಟ್ಟುಕೊಳ್ಳುವ ಅಯಸ್ಕಾಂತವೇ ಪರೀಕ್ಷೆಗೆ ಸಾಕು. ಗಟ್ಟಿಯಾಗಿ ಹಿಡಿದರೆ ಉಕ್ಕು. ಹಿಡಿಯದಿದ್ದರೆ ಕೆಳಮೈಯಲ್ಲಿ, ಕಾಣದ ಕಡೆ, ಸೂಜಿಮೊನೆಯಿಂದ ಗೀರಿ: ಹಳದಿ ಕಂಡರೆ ಹಿತ್ತಾಳೆ, ಮಂಕು ಬೂದು ಮೆತ್ತಗೆ ಗೀರಿದರೆ ಜಿಂಕ್. ಕೆಲವು ಜಾತಿಯ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಹಿಡಿಯುವುದಿಲ್ಲ, ಆದರೆ ಅದು ಸೂಜಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಕೂರಿಸುವುದು

ಎಲ್ಲ ತಂತಿ ಒಟ್ಟಿಗೆ ಬಿಚ್ಚಬೇಡಿ. ಟ್ರೆಮೊಲೊ ಇದ್ದರೆ ಹಿಂದಿನ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಎಳೆದುಬಿಡುತ್ತವೆ. ಒಂದು ತಂತಿ ಸಡಿಲಿಸಿ, ಒಂದು ಸ್ಯಾಡಲ್ ಬದಲಿಸಿ, ಮತ್ತೆ ಶ್ರುತಿಗೆ ತಂದು ಮುಂದಿನದು. ಸ್ವಚ್ಛ ಮಾಡಲು ಎಲ್ಲ ಬಿಚ್ಚಲೇಬೇಕು ಅಂದರೆ ಹಿಂಬದಿಯ ಗುಳಿಯಲ್ಲಿ ಬ್ರಿಡ್ಜಿಗೆ ಸೇರಿದ ಲೋಹದ ಬ್ಲಾಕ್ ಅಲುಗದಂತೆ ಜೀನ್ಸಿನ ಸೊಂಟಪಟ್ಟಿ ಮಡಚಿ ತುರುಕಿ.

ಎತ್ತರಕ್ಕೆ ಫೆಂಡರ್ ಹೇಳುವ ಲೆಕ್ಕ: 17ನೇ ಫ್ರೆಟ್ಟಿನ ಮೇಲೆ ತಂತಿಯ ಕೆಳಗೆ, 9.5 ಇಂಚು ತ್ರಿಜ್ಯದಲ್ಲಿ ಬಾಗಿದ ಗಿಟಾರಿನ ಕೈಗೆ (ನೆಕ್) ಸುಮಾರು 1.6 ಮಿ.ಮೀ., ಹಳೆಯ 7.25 ಇಂಚಿನ ಹೆಚ್ಚು ಬಾಗಿದ ಕೈಗೆ ದಪ್ಪ ಇ ಕಡೆ ಸುಮಾರು 2, ಸಣ್ಣ ಇ ಕಡೆ 1.6. ಮೊದಲು ಎರಡು ಅಂಚಿನ ತಂತಿ ಹೊಂದಿಸಿ. ನಡುವಿನ ನಾಲ್ಕಕ್ಕೆ ಬಾಗು ಅಳೆಯುವ ಗೇಜ್ ಬೇಕು. ಅದನ್ನು ನಾನು ಕಟಿಂಗ್ ಮಾಸ್ಟರ್ ಹತ್ತಿರ ಬೇಡದ ಪ್ಯಾಟರ್ನ್ ರಟ್ಟು ಇಸಿದುಕೊಂಡು ಮಾಡುತ್ತೇನೆ: ಗುಂಡುಸೂಜಿ ಚುಚ್ಚಿ, ಹಿಗ್ಗದ ದಾರಕ್ಕೆ ಪೆನ್ಸಿಲ್ ಕಟ್ಟಿ, 9.5 ಇಂಚಿಗೆ 241 ಮಿ.ಮೀ., 7.25ಕ್ಕೆ 184, 12ಕ್ಕೆ 305 ದೂರದಲ್ಲಿ ಕಮಾನು ಎಳೆದು ಕತ್ತರಿಸುವುದು. ಉಬ್ಬಿದ ಅಂಚು ಮೇಲೆ ಬರುವಂತೆ ತಂತಿಗಳ ಕೆಳಗೆ ತೂರಿಸಿ, ಎಲ್ಲ ತಂತಿಗೂ ಒಂದೇ ಸಮ ಮುಟ್ಟುವ ತನಕ ಸ್ಕ್ರೂ ತಿರುಗಿಸಿ. ಒಂದು ಸ್ಯಾಡಲ್‌ನ ಎರಡು ಸ್ಕ್ರೂಗಳೂ ಸಮ ಇರಬೇಕು. ಓರೆ ನಿಂತರೆ ಒಂದು ಕಾಲು ತಟ್ಟೆಗೆ ಸರಿಯಾಗಿ ಒತ್ತದೆ ಚರ್‌ಗುಡುತ್ತೆ.

ಕೊನೆಯದು ಇಂಟೋನೇಶನ್, ಅಂದರೆ ಫ್ರೆಟ್ ಒತ್ತಿದಾಗಲೂ ಸ್ವರ ಶ್ರುತಿಯಲ್ಲಿರುವಂತೆ ಸ್ಯಾಡಲ್ ಸರಿಸುವುದು. ಹೊಸ ತಂತಿಯಲ್ಲೇ ಮಾಡಬೇಕು, ಹಳೆಯದರಲ್ಲಿ ಮಾಡಿದ್ದು ನಾಳೆಗೆ ಸುಳ್ಳಾಗುತ್ತೆ. ಫೆಂಡರ್ ಅಳತೆಯ 648 ಮಿ.ಮೀ. ಗಿಟಾರಿನಲ್ಲಿ ನಟ್‌ನಿಂದ 12ನೇ ಫ್ರೆಟ್ಟಿಗೆ 324. ಅಲ್ಲಿಂದ ಸಣ್ಣ ಇ ಸ್ಯಾಡಲ್ ಅಷ್ಟೇ ದೂರ, ಒಂದು ಕೂದಲು ಹೆಚ್ಚು. ಇಲ್ಲಿಂದ ಶುರು ಮಾಡಿ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಮುಟ್ಟಿ ಬಿಟ್ಟು ಹಾರ್ಮೋನಿಕ್ ಬಾರಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ಬಾರಿಸಿ, ಶ್ರುತಿ ತೋರಿಸುವ ಟ್ಯೂನರ್ ನೋಡಿ. ಒತ್ತಿದ ಸ್ವರ ಹೆಚ್ಚಿದ್ದರೆ ಸ್ಯಾಡಲ್ ಹಿಂದಕ್ಕೆ, ಮಂದವಿದ್ದರೆ ಮುಂದಕ್ಕೆ. ಹುಡುಗರಿಗೆ ಹೀಗೇ ಬಾಯಿಪಾಠ ಮಾಡಿಸಿದ್ದೇನೆ: ಹೆಚ್ಚಿದ್ದರೆ ಹಿಂದಕ್ಕೆ, ಮಂದವಿದ್ದರೆ ಮುಂದಕ್ಕೆ, ಮುಂದೆ ಅಂದರೆ ಗಿಟಾರಿನ ಕೈ ಕಡೆ. ಸರಿಸುವ ಮುಂಚೆ ಪ್ರತಿ ಸಲ ತಂತಿ ಸಡಿಲಿಸಿ, ಬಿಗಿ ತಂತಿಯ ಕೆಳಗೆ ಎಳೆದರೆ ಗ್ರಬ್ ಸ್ಕ್ರೂಗಳು ತಟ್ಟೆಯನ್ನು ಗೀರುತ್ತವೆ. ದಪ್ಪ ಇ ಇನ್ನೂ ಹಿಂದೆ ಹೋಗಬೇಕು, ಸ್ಪ್ರಿಂಗ್ ಅಡ್ಡ ಬರುತ್ತಿದೆ ಅಂದರೆ ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿ. ಎಲ್ಲ ಮುಗಿದಾಗ ಸ್ಯಾಡಲ್‌ಗಳು ಎರಡು ಮೆಟ್ಟಿಲಿನ ಹಾಗೆ ಕಾಣಬೇಕು: ಸಣ್ಣ ಇಯಿಂದ ಜಿವರೆಗೆ ಹಿಂದಕ್ಕೆ, ಡಿಯಲ್ಲಿ ಮತ್ತೆ ಮುಂದೆ, ಅಲ್ಲಿಂದ ದಪ್ಪ ಇವರೆಗೆ ಮತ್ತೆ ಹಿಂದಕ್ಕೆ. ಸುತ್ತಿಲ್ಲದ ಜಿ ತಂತಿ ಹಾಕಿಯೂ ಈ ಆಕಾರ ಬರದಿದ್ದರೆ ಟ್ಯೂನರನ್ನಲ್ಲ, ನಿಮ್ಮ ಬೆರಳು ಒತ್ತುವ ಬಲವನ್ನು ಅನುಮಾನಿಸಿ.

ಪ್ರೋಗ್ರಾಂ ಮುಗಿದ ಮೇಲೆ ಮಿರ್ಚಿ ಒಗ್ಗರಣೆಗೆ ಓಡುವ ಮುಂಚೆ ಸ್ಯಾಡಲ್‌ಗಳನ್ನು ಒರೆಸಿ. ಒರೆಸಲು ಜೀನ್ಸ್ ಚೂರೇ ಆದೀತು, ಆದರೆ ತೊಳೆದು ಹಳೆಯದಾದದ್ದು. ಹೊಸ ಡೆನಿಮ್‌ನ ನೀಲಿ ಬೆವರಿಗೆ ಬಿಟ್ಟು ಬಿಳಿ ಗಿಟಾರಿಗೆ ಹತ್ತಿದರೆ ಹೋಗುವುದಿಲ್ಲ, ನನ್ನದನ್ನು ನೋಡಿದವರಿಗೆ ಗೊತ್ತು. ಎರಡು ತಿಂಗಳಿಗೊಮ್ಮೆ ಸೂಜಿ ತುದಿಯಲ್ಲಿ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಗ್ರಬ್ ಸ್ಕ್ರೂಗಳಿಗೆ, ತಂತಿಗಾಗಲಿ ಮರಕ್ಕಾಗಲಿ ತಾಗದಂತೆ. ಬಿಚ್ಚಿದ ಹಳೆಯ ಸ್ಯಾಡಲ್‌ಗಳನ್ನು ಸ್ಕ್ರೂ ಸಮೇತ ಖಾಲಿ ಬಾಬಿನ್ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ಅಗಲ ಬರೆದಿಡಿ. ನನ್ನ ಡಬ್ಬಿಯ ಮೇಲೆ ಈಗ 10.5 ಅಂತ ದೊಡ್ಡದಾಗಿ ಬರೆದಿದೆ, ಕೆಳಗೆ ಎರಡು ಗೆರೆ ಎಳೆದಿದೆ.